ಒದ್ದೆ ಎಲೆ ತಾಗಿದಂತೆ

ಪ್ರೀತಿಯ ತಂಗಿ ವರ್ನಾ,

ನಮ್ಮ ಕೆರೆಯ ಏರಿ ದುರಸ್ತಿಗೆಂದು ನೀರು ಖಾಲಿ ಮಾಡಿದ್ದಾರಲ್ಲ, ಅದಕ್ಕೇ ನಿನ್ನ ಗಂಡ ಡೆಲ್ಮರನೂ ನಾನೂ ಕೆಂಟಕಿ ಗಡಿಯ ಈ ಗುರುತಿಲ್ಲದ ಕೆರೆಗೆ ಬಾಸ್ ಮೀನು ಹಿಡಿಯಲು ಬಂದೆವು. ಫೆಬ್ರವರಿ ಮುಗಿಯುತ್ತ ಬಂದರೂ ದಡದಲ್ಲಿ ಮಂಜುಗಡ್ಡೆಯಿದೆ. ಈ ಚಳಿಯಲ್ಲಿ ಬಾಸ್ ದಾರ ಜಗ್ಗುವುದಿಲ್ಲ. ಒದ್ದೆ ಎಲೆ ತಾಗಿದಷ್ಟು ಮೆಲ್ಲಗೆ ಕಚ್ಚುತ್ತದೆ. ಕೈಗವಸು ಬಿಚ್ಚಿ, ದಾರಕ್ಕೆ ಬೆರಳು ಕೊಟ್ಟು ಕೂರಬೇಕು.

ನಿನ್ನೆ ಮೀನು ಕಚ್ಚಿ ಡೆಲ್ಮರನ ದಾರ ನಾಲ್ಕು ಸಲ ಪಕ್ಕಕ್ಕೆ ಸರಿಯಿತು. ಅವನು ಅಲ್ಲಾಡಲಿಲ್ಲ.

"ಏನ್ ಭಾವಾ, ಮೀನಿಗೆ ಊಟ ಬಡಿಸೋಕ್ ಬಂದ್ಯಾ?" ಅಂದೆ.

"ಹೋಗಯ್ಯಾ, ಈ ಕೆರೇಲಿ ಮೀನೇ ಇಲ್ಲ," ಅಂದ.

ಆಮೇಲೆ ಗಾಳ ಬದಲಿಸುವಾಗ ಕೊಕ್ಕೆ ಅವನ ಹೆಬ್ಬೆರಳಿಗೆ ಪೂರ್ತಿ ಇಳಿಯಿತು. ರಕ್ತ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ನನ್ನನ್ನು ಹಂಗಿಸುತ್ತಲೇ ಇದ್ದ. ನಾನು ಕೈ ಹಿಡಿದು ತೋರಿಸಿದಾಗಷ್ಟೇ ಅವನಿಗೆ ಗೊತ್ತಾಯಿತು.

"ಬೆರಳಿಗೆ ಏನೂ ತಿಳೀತಿಲ್ವಲ್ಲ, ಯಾವಾಗಿಂದ ಹೀಗೆ?" ಅಂದೆ.

"ಕ್ರಿಸ್‌ಮಸ್‌ಗೂ ಮುಂಚೆಯಿಂದ. ಪಾದಾನೂ ಜೋಮು. ವರ್ನಾಗೆ ಹೇಳ್ಬೇಡ ಮಾರಾಯಾ, ಟ್ರಕ್ಕಿನ ಕೀಲಿ ಕಿತ್ಕೋತಾಳೆ."

ಹೇಳುವುದಿಲ್ಲ ಅಂದೆ. ಆದರೂ ಬರೆಯುತ್ತಿದ್ದೇನೆ, ಬೈಗುಳ ನನಗಿರಲಿ. ಸಕ್ಕರೆ ಕಾಯಿಲೆಯ ಡಾಕ್ಟರನ್ನು ಸೋಮವಾರಕ್ಕೆ ಗೊತ್ತುಮಾಡು. ಕೊಕ್ಕೆ ತೆಗೆದು, ಗಾಯ ತೊಳೆದು ಕಟ್ಟಿದ್ದೇನೆ. ಹೊರಡುವಾಗ ಇದ್ದ ನನ್ನ ಕೆಮ್ಮು ಈಗ ಪರವಾಗಿಲ್ಲ.

ದೋಣಿಯಿಂದ ಕರೆಯುತ್ತಿದ್ದಾನೆ, ಹೊರಟೆ. ಇವತ್ತು ಅವನ ದಾರವನ್ನೂ ನಾನೇ ನೋಡಿಕೊಂಡು, ಸರಿದಾಗ "ಎಳಿ" ಅನ್ನುತ್ತೇನೆ ಎಂದೆ. ವಾಪಸು ಬರುವಾಗ ಟ್ರಕ್ಕು ನಾನೇ ಓಡಿಸುತ್ತೇನೆ ಎಂದೂ ಹೇಳಿದೆ. ಎರಡಕ್ಕೂ ಹೂಂ ಅಂದು ಕೀಲಿ ನನ್ನ ಕೈಗಿಟ್ಟ. ನಲವತ್ತು ವರ್ಷದಲ್ಲಿ ಅವನು ಜಗಳವಾಡದೆ ಕೀಲಿ ಕೊಟ್ಟದ್ದು ಇದೇ ಮೊದಲು, ತಂಗಿ.

ನಿನ್ನ ಅಣ್ಣ,
ಹಾಲಿಸ್