ಬೋಳು ಬಂಡೆಯಲ್ಲಿ ಹದಿನೈದು ಕ್ರ್ಯಾಪಿ

ಫ್ಲಿಪಿನ್, ಅರ್ಕನ್ಸಾ
ಶನಿವಾರ, ಏಪ್ರಿಲ್ 11, 1987

ಪ್ರೀತಿಯ ತಮ್ಮ ಹಾಲಿಸ್,

ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನ್ನ ತಲೆಗಿಷ್ಟು! ಆಪರೇಶನ್ ಅಂದ ಕೂಡಲೇ ಫೋನು ಪಟ್ಟಂತ ಇಟ್ಟುಬಿಡುತ್ತೀಯ, ಬರೆಯದೆ ಇನ್ನೇನು ಮಾಡಲಿ? ಉಸಿರಾಟ ಹೇಗಿದೆ? ಕಾಲಿನ ಬಾವು ಇಳಿಯಿತೇ? ಆಸ್ಪತ್ರೆಯ ಸಪ್ಪೆ ಊಟಕ್ಕೆ ಮೂತಿ ತಿರುಗಿಸಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಈಗ ಸುದ್ದಿ ಕೇಳು. ಗೆದ್ದೆ! ಆಂಬುಲೆನ್ಸ್ ಹತ್ತುವಾಗ ಏನಂದೆ ನೀನು? "ಕೆರೆಯ ಆ ಬೋಳು ಬಂಡೆ ಹತ್ರ, ಮೀನು ಬಂದು ಸೇರ್ಲಿ ಅಂತ ಒಂದು ಮರಾನೂ ಮುಳುಗಿಸ್ದೆ, ಒಂದೇ ಬೆಳಗ್ಗೆ ಹತ್ತು ಕ್ರ್ಯಾಪಿ ಮೀನು ಹಿಡಿ ಅಕ್ಕಾ, ಆಗ ಎದೆ ಕೊಯ್ಸ್ಕೋತೀನಿ." ಇವತ್ತು ಹದಿನೈದು ಮೀನು ಹಿಡಿದೆ. ಅದೂ ಬಿಸಿಲು ಏರುವುದರೊಳಗೆ.

ಮೊದಲ ವಾರ ಮಾನ ಹೋಯಿತು ಅನ್ನು. ಗಾಳವನ್ನು ತಳದ ತನಕ ಬಿಡುತ್ತಿದ್ದೆ, ಕಲ್ಲಿನ ಸಂದು ಅದನ್ನು ನುಂಗುತ್ತಿತ್ತು. ಇಪ್ಪತ್ತಮೂರು ಗಾಳ ಹೋದವು. ದೋಣಿಕಟ್ಟೆ ಅಂಗಡಿಯ ಡ್ಯೂಯಿ ಹಲ್ಲು ಕಿರಿದ: "ಏನ್ ಓರ್ಫಕ್ಕ, ಇವತ್ತೂ ಬಂಡೆನೇ ಕಚ್ತಾ?" "ನಿನ್ನ ಗಾಳ ಖರ್ಚಾಗ್ತಿವೆಯಲ್ಲ, ಬಾಯ್ಮುಚ್ಕೊಂಡು ಕೊಡು" ಅಂದೆ. ಆಮೇಲೆ ಹೊಳೆಯಿತು. ಈ ಮೀನಿನ ಕಣ್ಣು ಮೇಲಕ್ಕೆ, ತನ್ನ ಕೆಳಗಿರುವುದು ಅದಕ್ಕೆ ಕಾಣುವುದೇ ಇಲ್ಲ! ಬೆಂಡು ಕಟ್ಟಿ, ಮರಿಮೀನು ಚುಚ್ಚಿದ ಗಾಳ ಕಲ್ಲಿಗಿಂತ ಮೊಳದಷ್ಟು ಮೇಲೆ ತೂಗುವ ಹಾಗೆ ಮಾಡಿದೆ. ಡಾಗ್‌ವುಡ್ ಮರ ಹೂ ಬಿಟ್ಟಿದೆ, ಮೊಟ್ಟೆಯಿಡಲು ಮೀನು ದಂಡೆಗೆ ಬರುವ ಹೊತ್ತು. ದೊಡ್ಡ ಬಂಡೆ ಮುಗಿದು ಜಲ್ಲಿಕಲ್ಲು ಶುರುವಾಗುತ್ತದಲ್ಲ, ಆ ನೆರಳಿಗೇ ಬಿಟ್ಟೆ. ತೆಳು ತಂತಿಯ ಗಾಳ ತಗೊಂಡೆ, ಸಿಕ್ಕಿಕೊಂಡರೂ ನಿಧಾನಕ್ಕೆ ಎಳೆದರೆ ನೆಟ್ಟಗಾಗಿ ಬಿಟ್ಟುಬರುತ್ತದೆ.

ಬೆಂಡು ಮುಳುಗಿದರೆ ಜಗ್ಗಬಾರದು, ಆ ಮೀನಿನ ಬಾಯಿ ಕಾಗದದ ಹಾಗೆ ಹರಿಯುತ್ತದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಮೊದಲ ನಾಲ್ಕನ್ನು ಹಾಗೇ ಕಳೆದೆ. ಆಮೇಲೆ ನಿನ್ನನ್ನು ತೊಟ್ಟಿಲಿಂದ ಎತ್ತಿಕೊಳ್ಳುತ್ತಿದ್ದ ಹಾಗೆ ಎತ್ತಿದೆ, ಒಂದೊಂದೇ ಬಂತು. ಡ್ಯೂಯಿ ಎರಡು ಸಲ ಎಣಿಸಿದ. "ಹಾಲಿಸ್‌ಗೆ ನಾನೇ ಹೇಳ್ಲಾ?" ಅಂದ. "ಆ ಸುಖ ನಂದು, ನೀನು ತಕ್ಕಡಿ ನೋಡ್ಕೋ" ಅಂದೆ. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಂಟು ಕರಿದೆ, ಅಕ್ಕಪಕ್ಕದವರೆಲ್ಲ ಬೆರಳು ನೆಕ್ಕಿಕೊಂಡು ಹೋದರು.

ದೇವರು ನಿನಗೆ ಹಸಿವು ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ.

ನಿನ್ನ ಅಕ್ಕ,
ಓರ್ಫಾ

ತಾ.ಕ.: ಡಾಕ್ಟರು ಸೋಮವಾರ, ಏಪ್ರಿಲ್ 20ರ ಆಪರೇಶನ್‌ಗೆ ನಿನ್ನ ಹೆಸರು ಬರೆದಿಟ್ಟಿದ್ದಾರೆ. ನಿನ್ನ ಸಹಿ ಇಲ್ಲದೆ ಕತ್ತಿ ಮುಟ್ಟುವುದಿಲ್ಲವಂತೆ. ಅಮ್ಮ ಸತ್ತಾಗ ನಿನಗೆ ಎರಡು ವರ್ಷ. ಶಾಲೆ ಬಿಟ್ಟು ನಿನ್ನನ್ನು ಸಾಕಿದ್ದು ನನ್ನ ಕೈಯಾರೆ ಹೂಳಲಿಕ್ಕಲ್ಲ. ಪಂದ್ಯ ಹೂಡಿದವನು ನೀನು, ಸೋತವನೂ ನೀನು. ಸಹಿ ಹಾಕು. ಹಾಕಿದೆ ಅಂತ ಗುರುವಾರ, ಏಪ್ರಿಲ್ 16ರೊಳಗೆ ನನಗೆ ಉತ್ತರ ಬರಬೇಕು.