ನೀಲಿ ಬಕೆಟ್ಟಿಗೆ ಕೊಟ್ಟ ರಿಮ್ಮು

ಮಹಾಮಾಯಾ,

ನಿನ್ನಿಯಿಂದ ನೀ ನನ್ನ ಜೋಡಿ ಮಾತಾಡವಲ್ಲಿ, ಅದಕ್ಕ ಬರದಿಟ್ಟು ಹೊಂಟೇನಿ. ಹಾಲು ಕಾಸಿಟ್ಟೇನಿ. ಅವ್ವಗ ಬಿ.ಪಿ. ಗುಳಿಗಿ ನೀನೇ ಕೊಡು. ಇವತ್ತ ಕೊಳಾರದ ಫ್ಯಾಕ್ಟರಿಗಿ ಡ್ಯೂಟಿಗಿ ಹೋಗಲ್ಲ, ಭಾಲ್ಕಿಗಿ ಹೋಗ್ತೇನಿ. ಓಣಿಗಿ ಬಂದು ಹಳೆ ಕಬ್ಬಿಣ ತೊಗೊಳ್ಳೋ ಆ ಭಂಗಾರದವನ ದುಕಾನ ಅಲ್ಲೇ ಅದ ಅಂತ. ನೀಲಿ ಬಕೆಟ್ ಹುಡುಕಬ್ಯಾಡ, ಅವನಿಗಿ ವಾಪಸ್ ಕೊಡ್ಲಿಕ್ಕ ಒಯ್ದೇನಿ.

ಮಾಳಿಗಿ ಮ್ಯಾಲ ನೀ ಬಡದು ರಿಕಾರ್ಡ್ ಮಾಡೋ ಎಣ್ಣಿ ಡಬ್ಬಿ, ತಗಡು, ಸೈಕಲ್ ರಿಮ್ಮು ಎಲ್ಲಾ ಕೊಟ್ಟು ಆ ಬಕೆಟ್ ತೊಗೊಂಡಿದ್ದೆ. "ಕಸ ಅನ್ಕೊಂಡೆ" ಅಂತ ಅವ್ವನ ಮುಂದ ಹೇಳಿದ್ದು ಸುಳ್ಳು. ತಗಡು, ಮಷೀನಿನ ಸದ್ದೇ ಹಾಡಾಗೋ ಈ ಇಂಡಸ್ಟ್ರಿಯಲ್ ಮ್ಯೂಸಿಕ್ಕಿನ ಹುಚ್ಚು ನಿನಗ ಹಚ್ಚಿದವನೇ ನಾ. ಔರಾದ್ ಬಸ್ಸಿನ್ಯಾಗ ಇಯರ್‌ಫೋನಿನ ಒಂದು ತುದಿ ನಿನ್ನ ಕಿವಿಗಿಟ್ಟು, "ಕೇಳು, ಮಷೀನೂ ಹಾಡ್ತಾವ" ಅಂದಿದ್ದೆ. ಆಗ ನಾ ಮಷೀನಿನ ಮುಂದ ಒಂದು ದಿನಾನೂ ನಿಂತಿದ್ದಿಲ್ಲ. ಈಗ ಎಂಟು ತಾಸು ತಗಡು ಒತ್ತೋ ಪ್ರೆಸ್ಸಿನ ಬಡಿತ ಕೇಳಿ ಮನಿಗಿ ಬಂದ್ರ, ಮ್ಯಾಲ ನಿನ್ನ ಬಡಿತ. ತಲಿ ಕೆಟ್ಟಿತ್ತು. ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ, ನೀ ಕಾಲೇಜಿಗಿ ಹೋದಾಗ ಕಳ್ಳನಂಗ ಕೆಳಗ ಇಳಿಸಿದೆ.

ಡಬ್ಬಿ ಸಿಗಲಿಕ್ಕಿಲ್ಲ, ಇಷ್ಟೊತ್ತಿಗಿ ಚಪ್ಪಟಿ ಮಾಡಿರ್ತಾನ. ರಿಮ್ಮು ಸಿಕ್ಕರ ತರ್ತೇನಿ. ಊಟಕ್ಕ ಕಾಯಬ್ಯಾಡ.

ಇನ್ನೊಂದು ಮಾತು. ಕೊಡೋದಕ್ಕಿಂತ ಮೊದಲ ಆ ರಿಮ್ಮಿಗಿ ನಟ್ಟು ಬಿಚ್ಚೋ ಪಾನಾದಿಂದ ಒಮ್ಮಿ ಬಡದು ನೋಡಿದ್ದೆ. ಆವಾಜ ಭಾಳ ಛಲೋ ಇತ್ತು, ಮಾಯಾ. ಕೇಳಿದ ಮ್ಯಾಲೇ ಕೊಟ್ಟೆ.

ಸುಶೀಲ ಅಣ್ಣ