ತಿದ್ದಿ ಕಟ್ಟಿದ ಗಂಟು

ರಂಗಂಪೇಟೆ
ಶ್ರಾವಣದ ಎರಡನೇ ಸೋಮವಾರ, 12-8-2024

ಭೀಮರಾಯನಗುಡಿಯ ತವರಿನಲ್ಲಿರುವ ನನ್ನ ಸೊಸೆ ಗುರುದೇವಿಗೆ, ನಿನ್ನ ಅತ್ತೆ ಪಾರ್ವತೆಮ್ಮ ವೀರಭದ್ರನ ಮುಂದೆ ದೀಪ ಹಚ್ಚಿ ಬಂದು ಬರೆಯುವ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನೀನು ‘ಹೂಂರಿ ಅತ್ತಿ’ ಎಂದು ಮುಗಿಸುತ್ತೀ. ಅದಕ್ಕೇ ಕಾಗದ.

ನಿನ್ನೆ ನಿಮ್ಮವ್ವ ಗೊಲ್ಲಾಳಮ್ಮ ಎಲ್ಲ ಹೇಳಿದಳು. ಹೊಟ್ಟೆಯೊಳಗಿನ ಕೂಸು ಚೆನ್ನಾಗಿದೆಯಂತೆ, ನಿನಗೇ ನಿದ್ದೆ ಇಲ್ಲ, ಬಿಪಿ ಏರುತ್ತಿದೆಯಂತೆ. ದವಾಖಾನೆಯ ಸಿಸ್ಟರ್ ಕೈ ಹಿಡಿದು ಕೇಳಿದಾಗ, “ಹೆಣ್ಣಾದ್ರ ನಮ್ಮತ್ತಿ ಕರಕೊಂಡು ಹೋಗಾಕ ಬರ್ತಾರೇನ್ರಿ?” ಅಂದೆಯಂತೆ. ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ.

ತಪ್ಪು ನನ್ನದು. ನಿನಗೆ ಸೀಮಂತದ ಕುಬುಸ ಮಾಡಿದ ದಿನ ವೀರಭದ್ರನ ಗುಡಿಯ ಕಂಬಕ್ಕೆ ಹಸಿರು ಖಣದ ಬಟ್ಟೆಯಲ್ಲಿ ತೆಂಗಿನಕಾಯಿ ಕಟ್ಟಿ, ಗಂಡು ಕೂಸು ಕೊಡು, ಬೆಳ್ಳಿ ತೊಟ್ಟಿಲು ಕೊಡುತ್ತೇನೆ ಎಂದು ಎಲ್ಲರೆದುರು ಗಟ್ಟಿಯಾಗಿ ಬೇಡಿಕೊಂಡೆ. ಪಕ್ಕದಲ್ಲಿ ನೀನು ಮುಗಿದ ಕೈ ಇಳಿಸಿ ಗೋಡೆಗೆ ಒರಗಿದೆ. ದಣಿದಿದ್ದಾಳೆ ಅಂದುಕೊಂಡೆ. ಇಲ್ಲ, ಖರೇ ಬರೆಯುತ್ತೇನೆ: ನೀನು ಹೆದರಿದ್ದು ನನಗೆ ಗೊತ್ತಾಗಿತ್ತು, ಆದರೂ ಗಂಟು ಇನ್ನೊಮ್ಮೆ ಬಿಗಿದೆ.

ಇವತ್ತು ಮುಂಜಾನೆ ಗುಡಿಗೆ ಹೋಗಿ ಗಂಟಿಗೆ ಕೈ ಹಾಕಿದೆ. ಪೂಜಾರಿ ಲಿಂಗಣ್ಣ ಅಡ್ಡ ಬಂದ.

“ಹರಕಿ ತೀರದ ಬಿಚ್ಚಬಾರದು, ಪಾರವ್ವ.”

“ಹರಕಿ ಬಿಡಾಂಗಿಲ್ಲಪಾ. ಒಂದ ಮಾತ ಹೆಚ್ಚಿಗಿ ಕೇಳಿದ್ನಿ, ಅದನ್ನ ವಾಪಸ್ ತಗೊಳ್ಳಾಕ ಬಂದೀನಿ.”

“ಇದೇನ ಸಂತಿ ಸೀರಿ ಏನ, ಬ್ಯಾಡಂದ್ರ ವಾಪಸ್ ಮಾಡಾಕ?”

“ವೀರಭದ್ರನೂ ಹೆಣ್ಮಕ್ಕಳ ಕೈಯಾಗಿನ ನೈವೇದ್ಯನೇ ಉಣ್ತಾನ. ನೀ ಸರಿ ಆಕಡಿ.”

ನಗುತ್ತ ಸರಿದ. ಅದೇ ಖಣ, ಅದೇ ಕಾಯಿ ಮತ್ತೆ ಕಟ್ಟಿದೆ. ಈ ಸಲವೂ ಗಟ್ಟಿಯಾಗಿಯೇ ಬೇಡಿಕೊಂಡೆ: ನನ್ನ ಸೊಸೆ ಕೂಸಿನ ಸಮೇತ ನಗುತ್ತ ಮನೆಗೆ ಬರಲಿ, ಕೂಸು ಯಾವುದಾದರೂ ತೊಟ್ಟಿಲು ಕೊಡುತ್ತೇನೆ. ಓಣಿಯ ಹೆಂಗಸರೆಲ್ಲ ಕೇಳಿದ್ದಾರೆ, ಇನ್ನು ನಾನು ತಪ್ಪಿಸಿಕೊಳ್ಳುವಂತಿಲ್ಲ. ಮನಸ್ಸು ಹಗುರಾಗಿ, ಬಂದವಳೇ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಕರೆದುಕೊಂಡು ಬರಲು ನಾನೇ ಬರುತ್ತೇನೆ. ಸಿಸ್ಟರ್ ಹೇಳಿದ ಗುಳಿಗೆ ತಪ್ಪಿಸಬೇಡ.

ನಿನ್ನ ದಾರಿ ನೋಡುವ ಅತ್ತೆ,
ಪಾರ್ವತೆಮ್ಮ

ತಾ.ಕ.: ಇದನ್ನು ನಿನ್ನ ಗಂಡನಿಗೆ ಹೇಳಬೇಡ. ನಮ್ಮತ್ತೆಯೂ ನನಗಾಗಿ ಅದೇ ಕಂಬಕ್ಕೆ ಗಂಡೇ ಬೇಕೆಂದು ಕಟ್ಟಿದ್ದಳು. ನಿನ್ನ ಗಂಡ ಚೇತನಕುಮಾರ ಹುಟ್ಟಿದಾಗ ನಾನು ಅವನ ಮುಖ ನೋಡಲಿಲ್ಲ, ಗಂಡು ಹೌದೋ ಅಲ್ಲೋ ಎಂದು ಮೊದಲು ಕೇಳಿದೆ. ನೀನು ಮೊದಲು ಮುಖ ನೋಡು.